ಕ್ಯಾಸನೂರಿನ ಜ್ವರಕ್ಕೆ ಸೈಬೀರಿಯದ ನೆಂಟರು

ಕೆಂಚಮ್ಮನ ಹೊಸಕೋಟೆ ಸುತ್ತಿನಲ್ಲಿ ಯಾರ ಜತೆ ಮಾತಿಗೆ ಕೂತರೂ ಸ್ವಲ್ಪ ಹೊತ್ತಿಗೆ ಆನೆ ಬಂದೇ ಬರುತ್ತದೆ. ಯಾರ ತೋಟಕ್ಕೆ ನುಗ್ಗಿತು, ಯಾರ ಗದ್ದೆ ತುಳಿಯಿತು, ಪರಿಹಾರದ ಅರ್ಜಿ ಯಾವ ಮೇಜಿನ ಮೇಲಿದೆ ಎಂಬುದೇ ಮಾತು. ಆಲೂರು, ಸಕಲೇಶಪುರದ ಕಾಫಿ ಸೀಮೆಯಲ್ಲಿ ಬದುಕುವವರಿಗೆ ಇದು ದಿನದ ಚಿಂತೆ, ತಪ್ಪಿಲ್ಲ. ಆದರೆ ಅದೇ ತೋಟದಂಚಿನ ಪೊದೆಯಲ್ಲಿ, ಒಣಗಿದ ಎಲೆಯ ತುದಿಗೆ ಕಾಲು ಚಾಚಿ ಕೂತಿರುವ, ಎಳ್ಳಿಗಿಂತ ಸಣ್ಣದಾದ ಒಂದು ಉಣುಗಿನ ಬಗ್ಗೆ ಮಾತಾಡುವವರು ಕಡಿಮೆ. ಆನೆಯಂತೆ ಅದು ಕಾಣಿಸುವುದೂ ಇಲ್ಲ, ಸದ್ದು ಮಾಡುವುದೂ ಇಲ್ಲ. ಅದರ ಜೊಲ್ಲಿನಲ್ಲಿ ಬರುವ ವೈರಸ್ಸು ಮೊದಲು ರಕ್ತಕ್ಕೆ ಇಳಿದು, ಕೆಲವರಲ್ಲಿ ಕೊನೆಗೆ ಮಿದುಳಿಗೂ ಕೈ ಹಾಕುತ್ತದೆ. ನಮ್ಮ ನೆಲದಲ್ಲೇ ಪತ್ತೆಯಾಗಿ, ನಮ್ಮದೇ ಊರೊಂದರ ಹೆಸರನ್ನು ಹೊತ್ತು ಜಗತ್ತಿನ ವೈದ್ಯಕೀಯ ಪುಸ್ತಕಗಳಿಗೆ ಹೋದ ಮಿದುಳಿನ ಸೋಂಕು ಅದು. ಆ ಊರು ಇದೇ ಘಟ್ಟದ ಸಾಲಿನಲ್ಲಿ ಉತ್ತರಕ್ಕಿದೆ: ಶಿವಮೊಗ್ಗ ಜಿಲ್ಲೆ, ಸೊರಬ ತಾಲ್ಲೂಕು, ಕ್ಯಾಸನೂರು.

1957. ವಿಶಾಲ ಮೈಸೂರು ರಾಜ್ಯ ಹುಟ್ಟಿ ಆರು ತಿಂಗಳೂ ಆಗಿರಲಿಲ್ಲ. ಸೊರಬ, ಸಾಗರ ತಾಲ್ಲೂಕುಗಳ ಕಾಡಂಚಿನ ಹಳ್ಳಿಗಳವರಿಗೆ ಮಂಗಗಳ ಹೆಣ ಸಿಗತೊಡಗಿದವು. ಸೌದೆಗೆ ಹೋದವರಿಗೆ, ಕೊಟ್ಟಿಗೆಗೆ ಹಾಸಲು ದರಕು ಗುಡಿಸಲು ಹೋದವರಿಗೆ, ದನ ಮೇಯಿಸುವವರಿಗೆ ಮರದ ಬುಡದಲ್ಲಿ ಕಪ್ಪು ಮೋರೆಯ ಮುಸುವಗಳು ಸತ್ತು ಬಿದ್ದಿದ್ದು ಕಂಡಿತು. ಕೆಂಪು ಮೋರೆಯ ಕೋತಿಗಳೂ ಇದ್ದವು, ಆದರೆ ಹೆಚ್ಚು ಸತ್ತದ್ದು ಮುಸುವ. ಅದಾದ ಕೆಲವೇ ದಿನಕ್ಕೆ ಕಾಡಿಗೆ ಹೋಗಿಬಂದವರು ಹಾಸಿಗೆ ಹಿಡಿದರು. ಒಮ್ಮೆಲೇ ಏರುವ ಜ್ವರ, ಹಣೆ ಒಡೆದು ಹೋಗುವಂಥ ತಲೆನೋವು, ಸೊಂಟ ಮತ್ತು ಮೀನಖಂಡದಲ್ಲಿ ಎತ್ತಲಾರದ ನೋವು, ಕೆಂಪಾದ ಕಣ್ಣು, ವಾಂತಿ, ಭೇದಿ. ಕೆಲವರಿಗೆ ಮೂಗು, ಒಸಡಿನಲ್ಲಿ ರಕ್ತ. ಆ ವರ್ಷ ಕಾಯಿಲೆ ಬಿದ್ದವರು 400ಕ್ಕೂ ಹೆಚ್ಚು.

ಮೊದಲು ಎಲ್ಲರ ಬಾಯಲ್ಲಿ ಬಂದದ್ದು ಟೈಫಾಯ್ಡ್. ಅದು ತೀರಾ ತಪ್ಪು ಊಹೆಯೇನೂ ಅಲ್ಲ. ಜ್ವರ ಅಷ್ಟಿದ್ದರೂ ನಾಡಿ ನಿಧಾನ, ಹೊಟ್ಟೆ ಕೆಟ್ಟಿದೆ, ರಕ್ತದಲ್ಲಿ ಬಿಳಿಕಣ ಇಳಿದಿದೆ; ಆ ಕಾಲದ ವೈದ್ಯರು ಇನ್ನೇನು ಹೇಳಬೇಕು? ಆದರೆ ಟೈಫಾಯ್ಡಿನಲ್ಲಿ ಮಂಗ ಸಾಯುವುದಿಲ್ಲ. ಮಂಗ ಸತ್ತ ಕಡೆ ಓಡಾಡಿದವರಿಗೇ ಜ್ವರ ಬರುತ್ತಿದೆ ಎಂಬ ಲೆಕ್ಕವನ್ನು ಹಳ್ಳಿಯವರು ಆಗಲೇ ಹಾಕಿಬಿಟ್ಟಿದ್ದರು. ಪೇಟೆಯಿಂದ ಸೂಕ್ಷ್ಮದರ್ಶಕ ಬರುವ ಮೊದಲೇ ಅವರು ಅದನ್ನು ಮಂಗನ ಕಾಯಿಲೆ ಎಂದು ಕರೆಯುತ್ತಿದ್ದರು. ಈ ಪತ್ತೇದಾರಿಯಲ್ಲಿ ಅರ್ಧ ಕೆಲಸ ಮುಗಿದದ್ದು ಅಲ್ಲೇ ಎಂದು ನನಗನ್ನಿಸುತ್ತದೆ. ಮುಂದೆ ಬಂದ ವಿಜ್ಞಾನಿಗಳು ಮಾಡಿದ್ದು ಉಳಿದರ್ಧ. ಅದೂ ಸಣ್ಣ ಕೆಲಸವಲ್ಲ, ಆದರೆ ಪ್ರಬಂಧಗಳಲ್ಲಿ ಹೆಸರು ಬಂದದ್ದು ಆ ಅರ್ಧದವರದ್ದು ಮಾತ್ರ.

ಮಾರ್ಚ್ ಹೊತ್ತಿಗೆ ಸುದ್ದಿ ಪುಣೆಗೆ ಮುಟ್ಟಿತು. ಅಲ್ಲಿ ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯೂ ಅಮೆರಿಕದ ರಾಕ್‌ಫೆಲರ್ ಪ್ರತಿಷ್ಠಾನವೂ ಸೇರಿ 1952ರಲ್ಲಿ ಕಟ್ಟಿದ ವೈರಸ್ ಸಂಶೋಧನಾ ಕೇಂದ್ರವಿತ್ತು. ಇಂದಿನ ರಾಷ್ಟ್ರೀಯ ವೈರಾಣು ಸಂಸ್ಥೆ ಅದೇ. ಅದರ ಮುಖ್ಯಸ್ಥ ಟೆಲ್ಫರ್ಡ್ ವರ್ಕ್. ಎರಡು ವರ್ಷದ ಹಿಂದಷ್ಟೇ ವೆಲ್ಲೂರಿನ ಸುತ್ತಮುತ್ತ ಜಪಾನೀ ಮಿದುಳು ಜ್ವರ ಇದೆ ಎಂಬುದನ್ನು ಇದೇ ಕೇಂದ್ರ ತೋರಿಸಿಕೊಟ್ಟಿತ್ತು. ಮಂಗ ಸಾಯುತ್ತಿದೆ, ಮನುಷ್ಯನಿಗೆ ರಕ್ತ ಸುರಿಯುವ ಜ್ವರ ಬರುತ್ತಿದೆ ಎಂದೊಡನೆ ಪುಣೆಯವರ ಎದೆ ಝಲ್ಲೆಂದಿರಬೇಕು. ಆಫ್ರಿಕ, ದಕ್ಷಿಣ ಅಮೆರಿಕಗಳ ಹಳದಿ ಜ್ವರದ ಚಿತ್ರ ಹೀಗೇ ಇರುತ್ತದೆ. ಆ ಜ್ವರ ಅಲ್ಲಿಯವರೆಗೆ ಏಷ್ಯಕ್ಕೆ ಕಾಲಿಟ್ಟಿರಲಿಲ್ಲ. ಅದನ್ನು ಹರಡುವ ಸೊಳ್ಳೆ ಮಾತ್ರ ನಮ್ಮ ಪ್ರತಿ ಊರಿನಲ್ಲೂ, ಪ್ರತಿ ನೀರಿನ ತೊಟ್ಟಿಯಲ್ಲೂ ಸಿದ್ಧವಾಗಿ ಕೂತಿತ್ತು. ಕ್ಯಾಸನೂರಿನದು ಹಳದಿ ಜ್ವರವೇ ಆಗಿದ್ದರೆ ಏನಾಗುತ್ತಿತ್ತೆಂದು ಊಹಿಸಲೂ ಭಯ.

ವರ್ಕ್ ಜತೆಗಿದ್ದ ಹೆರಾಲ್ಡ್ ಟ್ರಪಿಡೊ ಕೀಟಶಾಸ್ತ್ರಜ್ಞ. ಪನಾಮಾದಿಂದ ಉತ್ತರಕ್ಕೆ ಕಾಡಿನಿಂದ ಕಾಡಿಗೆ ಮಂಗಗಳನ್ನು ಕೊಲ್ಲುತ್ತ ಸಾಗಿದ ಹಳದಿ ಜ್ವರವನ್ನು ಹಿಂಬಾಲಿಸಿದವನು. ಅಂಥವನನ್ನೇ ಮಲೆನಾಡಿಗೆ ತಂದದ್ದು ಅದೃಷ್ಟವೋ, ಕಾಕತಾಳೀಯವೋ. ಅವರೊಂದಿಗೆ ಆರ್. ಲಕ್ಷ್ಮಣ ರಾವ್, ಡಿ.ಪಿ. ನರಸಿಂಹಮೂರ್ತಿ, ಪಿ.ಎನ್. ಭಟ್, ಕೆ.ಜಿ. ಕುಲಕರ್ಣಿ ಇದ್ದರು. 1957ರಲ್ಲೇ ಬಂದ ಮೊದಲ ವರದಿಗಳಲ್ಲಿ ಈ ಹೆಸರುಗಳೂ ಇವೆ. ಕತೆ ಹೇಳುವಾಗ ಮಾತ್ರ ವರ್ಕ್, ಟ್ರಪಿಡೊ ಇಬ್ಬರೇ ಉಳಿಯುತ್ತಾರೆ.

ಕೆಲಸ ನಡೆದದ್ದು ಹೀಗೆ. ಜ್ವರ ಬಂದವರ ರಕ್ತ, ಸತ್ತ ಮುಸುವದ ಅಂಗಾಂಗಗಳ ತುಣುಕು ಐಸಿನಲ್ಲಿ ಪುಣೆಗೆ ಹೋದವು. ಅಲ್ಲಿ ಕಣ್ಣೂ ಬಿಡದ ಇಲಿಮರಿಗಳ ಮಿದುಳಿಗೆ ಅದರ ಹನಿಯನ್ನು ಸೂಜಿಯಲ್ಲಿ ಚುಚ್ಚಿದರು. ವೈರಸ್ಸಿಗೆ ಬೆಳೆಯಲು ಜೀವಂತ ಕೋಶ ಬೇಕು. ಕೋಶಗಳನ್ನು ಬಾಟಲಿಯಲ್ಲಿ ಬೆಳೆಸುವುದು ಇನ್ನೂ ಎಲ್ಲೆಡೆ ರೂಢಿಯಾಗದ ಆ ದಿನಗಳಲ್ಲಿ ಇಲಿಮರಿಯ ಮಿದುಳೇ ವೈರಸ್ ಶೋಧಕರ ಗದ್ದೆ. ಕೆಲವು ದಿನಗಳಲ್ಲಿ ಮರಿಗಳು ಹಾಲು ಬಿಟ್ಟವು, ನಡುಗಿದವು, ಸತ್ತವು. ಅವುಗಳ ಮಿದುಳು ಅರೆದು, ಸೋಸಿ, ಮತ್ತೊಂದು ತಂಡಕ್ಕೆ ಚುಚ್ಚಿದರೆ ಅವೂ ಸತ್ತವು. ವೈರಸ್ ಕೈಗೆ ಸಿಕ್ಕಿತ್ತು. ಮನುಷ್ಯನಲ್ಲಿ ಸಿಕ್ಕಿದ್ದೂ ಮಂಗನಲ್ಲಿ ಸಿಕ್ಕಿದ್ದೂ ಒಂದೇ. ಹಳ್ಳಿಯವರ ಲೆಕ್ಕ ಸರಿಯಿತ್ತು.

ಆದರೆ ಅದು ಯಾವುದು? ಇದಕ್ಕೆ ಆಗಿನ ಉಪಾಯ, ಗೊತ್ತಿರುವ ವೈರಸ್‌ಗಳ ಪ್ರತಿಕಾಯಗಳನ್ನು ಒಂದೊಂದಾಗಿ ಹೊಸದರ ಎದುರಿಗಿಟ್ಟು ಯಾವುದು ಹಿಡಿಯುತ್ತದೆಂದು ನೋಡುವುದು. ಹಳದಿ ಜ್ವರ ಅಲ್ಲ ಎಂದು ಗೊತ್ತಾದಾಗ ಪುಣೆಯಿಂದ ದೆಹಲಿಯವರೆಗೆ ನಿಟ್ಟುಸಿರು ಬಿಟ್ಟಿರಬಹುದು. ಡೆಂಗಿಯೂ ಅಲ್ಲ, ಜಪಾನೀ ಮಿದುಳು ಜ್ವರವೂ ಅಲ್ಲ. ಹತ್ತಿರದ ಸಂಬಂಧ ತೋರಿಸಿದ್ದು ಯಾರೂ ನಿರೀಕ್ಷಿಸದ ಕಡೆಯಿಂದ: ರಷ್ಯಾದ ವಸಂತ-ಬೇಸಿಗೆಯ ಮಿದುಳು ಜ್ವರದ ಗುಂಪು. ಸೊರಬದ ಅಡಿಕೆ ಸೀಮೆಯ ಜ್ವರಕ್ಕೆ ಹಿಮದ ಕಾಡಿನ ನೆಂಟರು!

ಆ ನೆಂಟರ ಕತೆಯನ್ನೂ ಇಲ್ಲಿ ಹೇಳಲೇಬೇಕು. 1937ರಲ್ಲಿ ಸೋವಿಯತ್ ದೇಶದ ದೂರಪೂರ್ವದ ಕಾಡುಗಳಲ್ಲಿ ಮರ ಕಡಿಯುವವರು, ಸೈನಿಕರು ವಸಂತ ಬಂದೊಡನೆ ಮಿದುಳಿನ ಉರಿಯೂತಕ್ಕೆ ಬಲಿಯಾಗುತ್ತಿದ್ದರು. ಬದುಕಿದವರ ತೋಳು, ಕುತ್ತಿಗೆ ನಿಲ್ಲುತ್ತಿರಲಿಲ್ಲ. ಮಾಸ್ಕೋದಿಂದ ಲೆವ್ ಝಿಲ್ಬರ್ ಎಂಬ ವಿಜ್ಞಾನಿಯ ತಂಡ ಹೋಯಿತು. ಕೆಲವೇ ತಿಂಗಳಲ್ಲಿ ವೈರಸ್ಸನ್ನೂ ಅದನ್ನು ಹೊರುವ ಉಣುಗನ್ನೂ ಹಿಡಿದರು. ತಂಡದ ಮಿಖಾಯಿಲ್ ಚುಮಕೋವ್‌ಗೆ ಸೋಂಕು ತಗುಲಿ ಬಲಗೈ ಜೀವನವಿಡೀ ಸೋತಿತು, ಕಿವಿಯೂ ಮಂದವಾಯಿತು. ಝಿಲ್ಬರ್ ವಾಪಸು ಬಂದಾಗ ಕಾದಿದ್ದದ್ದು ಸ್ಟಾಲಿನ್ ಕಾಲದ ಬಂಧನ. ಹತ್ತು ವರ್ಷದ ನಂತರ ಅದೇ ಚುಮಕೋವ್ ಪಶ್ಚಿಮ ಸೈಬೀರಿಯದ ಓಮ್ಸ್ಕ್ ಸುತ್ತ ಇನ್ನೊಂದು ಬಗೆಯನ್ನು ಕಂಡರು: ಅದು ಮಿದುಳಿಗಿಂತ ಹೆಚ್ಚಾಗಿ ರಕ್ತಸ್ರಾವ ತರುವ ಜ್ವರ. ಕ್ಯಾಸನೂರಿನದು ಈ ಎರಡರ ಗುಣವನ್ನೂ ಒಂದಷ್ಟು ಹೊತ್ತು ಬಂದಿತ್ತು.

ನೆಂಟಸ್ತಿಕೆ ತಿಳಿದ ಮೇಲೆ ಹುಡುಕಾಟದ ದಿಕ್ಕೇ ಬದಲಾಯಿತು. ಸೊಳ್ಳೆಯಿಂದ ಗಮನ ಉಣುಗಿನ ಕಡೆಗೆ ತಿರುಗಿತು. ಸಾಗರದಲ್ಲಿ ಕ್ಷೇತ್ರ ಕೇಂದ್ರ ತೆರೆಯಿತು. ಆ ಕಾಲದಲ್ಲಿ ಅಲ್ಲಿ ದುಡಿದವರಲ್ಲಿ ಮುಂದೆ ಪುದುಚೇರಿಯ ಕೀಟವಾಹಕ ರೋಗ ಸಂಶೋಧನಾ ಕೇಂದ್ರದ ನಿರ್ದೇಶಕರಾದ ಪಿ.ಕೆ. ರಾಜಗೋಪಾಲನ್ ಒಬ್ಬರು. ಉಣುಗು ಹಿಡಿಯುವುದಕ್ಕೆ ಇವರ ಸಲಕರಣೆ ಒಂದು ಬಿಳಿ ಬಟ್ಟೆ. ಅದನ್ನು ಪೊದೆ, ತರಗೆಲೆಗಳ ಮೇಲೆ ಮೆಲ್ಲನೆ ಎಳೆದುಕೊಂಡು ಹೋಗುವುದು. ಹಾದುಹೋಗುವ ಪ್ರಾಣಿಯೆಂದು ತಿಳಿದು ಉಣುಗುಗಳು ಬಟ್ಟೆಗೆ ಅಂಟಿಕೊಳ್ಳುತ್ತವೆ. ಆಗಾಗ ನಿಂತು, ಬಟ್ಟೆ ತಿರುವಿ, ಚಿಮಟದಲ್ಲಿ ಒಂದೊಂದನ್ನೇ ಎತ್ತಿ ಸಣ್ಣ ಶೀಶೆಗೆ ಹಾಕಬೇಕು. ಮರಿ ಉಣುಗೆಂದರೆ ಬಟ್ಟೆಯ ಮೇಲೆ ಕೂತ ಮಣ್ಣಿನ ಚುಕ್ಕೆ. ಅದು ನಡೆಯತೊಡಗಿದಾಗಲೇ ಜೀವ ಇದೆಯೆಂದು ಗೊತ್ತಾಗುವುದು. ಈ ಕೆಲಸದಲ್ಲಿ ಎಷ್ಟೋ ಮಂದಿ ತಾವೇ ಜ್ವರ ಹತ್ತಿಸಿಕೊಂಡರು. ಪ್ರಯೋಗಾಲಯದಲ್ಲೂ ಹಾಗೆಯೇ.

ಸಿಕ್ಕ ಹಲವು ಬಗೆಯ ಉಣುಗುಗಳಲ್ಲಿ ಮುಖ್ಯ ಅಪರಾಧಿ ಹಿಮಾಫೈಸಾಲಿಸ್ ಸ್ಪಿನಿಜೆರಾ. ಮಳೆಗಾಲದಲ್ಲಿ ಬೆಳೆದ ಉಣುಗು ದನ, ಕಾಡುಪ್ರಾಣಿಗಳ ರಕ್ತ ಹೀರಿ ನೆಲಕ್ಕೆ ಬಿದ್ದು ಮೊಟ್ಟೆ ಇಡುತ್ತದೆ. ಮಳೆ ಮುಗಿದ ಮೇಲೆ ಮರಿಗಳು ಇಲಿ, ಹೆಗ್ಗಣ, ಹಕ್ಕಿ, ಮಂಗಗಳನ್ನು ಹತ್ತುತ್ತವೆ. ಡಿಸೆಂಬರ್ ನಂತರ ಎರಡನೆಯ ಹಂತಕ್ಕೆ ಬಂದ ಮರಿಗಳದೇ ಕಾಟ. ಮನುಷ್ಯನನ್ನು ಕಚ್ಚುವುದು ಹೆಚ್ಚಾಗಿ ಇವೇ. ಕಾಯಿಲೆ ಡಿಸೆಂಬರಿಂದ ಮೇ ತಿಂಗಳವರೆಗೆ ಮಾತ್ರ ಯಾಕೆ ಕೆರಳುತ್ತದೆಂಬ ಪ್ರಶ್ನೆಗೆ ಉತ್ತರ ಸಿಕ್ಕಿದ್ದು ಹೀಗೆ. ಜನ ದರಕಿಗೆ, ಸೌದೆಗೆ ಕಾಡು ಹೊಗುವುದೂ ಅದೇ ತಿಂಗಳುಗಳಲ್ಲಿ. ಮಂಗನ ಪಾತ್ರವೂ ಸ್ಪಷ್ಟವಾಯಿತು. ಮಂಗ ಈ ವೈರಸ್ಸಿನ ತವರಲ್ಲ; ಅದೂ ನಮ್ಮ ಹಾಗೆ ಬಲಿಪಶು. ಸೋಂಕು ತಗುಲಿದ ಮಂಗನ ರಕ್ತದಲ್ಲಿ ವೈರಸ್ ತುಂಬಿ ತುಳುಕುತ್ತದೆ. ಅದು ಸತ್ತು ಮೈ ತಣ್ಣಗಾದಾಗ ಮೈಮೇಲಿದ್ದ ಉಣುಗುಗಳು ಕೆಳಗಿಳಿದು ಆ ಜಾಗದ ಸುತ್ತ ಹರಡುತ್ತವೆ. ಹೆಣ ಬಿದ್ದ ಜಾಗದ ಸುತ್ತ 50 ಮೀಟರಿನಷ್ಟು ನೆಲಕ್ಕೆ ಇಂದಿಗೂ ಮೆಲಾಥಿಯಾನ್ ಪುಡಿ ಹೊಡೆಯುವುದು ಇದಕ್ಕೇ. ಸತ್ತ ಮಂಗನನ್ನು ಹನುಮಂತನೆಂದು ಭಾವಿಸಿ ಎತ್ತಿ ತಂದು, ಹೂವು ಹಾಕಿ, ಮೆರವಣಿಗೆ ಮಾಡಿ ಮಣ್ಣು ಮಾಡುವ ನಮ್ಮ ಹಳ್ಳಿಗಳ ಭಕ್ತಿಗೆ ಕೈ ಮುಗಿಯೋಣ, ಆದರೆ ಮಲೆನಾಡಿನಲ್ಲಿ ಆ ಭಕ್ತಿಯನ್ನು ದೂರದಿಂದಲೇ ಸಲ್ಲಿಸುವುದು ಒಳ್ಳೆಯದು.

ಸೈಬೀರಿಯದ ಬಂಧು ಇಲ್ಲಿಗೆ ಬಂದದ್ದು ಹೇಗೆ? ಚಳಿಗಾಲಕ್ಕೆ ವಲಸೆ ಬರುವ ಹಕ್ಕಿಗಳ ಮೈಮೇಲಿನ ಉಣುಗಿನ ಮೂಲಕವೇ ಎಂಬ ಅನುಮಾನ ಎದ್ದಿತು. ಸಲೀಂ ಅಲಿಯವರ ಬಾಂಬೆ ನ್ಯಾಚುರಲ್ ಹಿಸ್ಟರಿ ಸೊಸೈಟಿ ವಿಶ್ವ ಆರೋಗ್ಯ ಸಂಸ್ಥೆಯ ನೆರವಿನಿಂದ ಹಕ್ಕಿಗಳ ಕಾಲಿಗೆ ಉಂಗುರ ತೊಡಿಸುವ ದೊಡ್ಡ ಕಾರ್ಯಕ್ರಮವನ್ನೇ ಹಮ್ಮಿಕೊಂಡಿತು. ಪಕ್ಷಿಗಳ ವಲಸೆಯ ಬಗ್ಗೆ ನಮಗೆ ಬೇಕಾದಷ್ಟು ಗೊತ್ತಾಯಿತು; ವೈರಸ್ಸನ್ನು ಅವು ತಂದವೆಂಬುದಕ್ಕೆ ಮಾತ್ರ ಪುರಾವೆ ಸಿಗಲಿಲ್ಲ. 1970ರ ದಶಕದಲ್ಲಿ ಈ ವಿದೇಶಿ ಹಣ, ಹಕ್ಕಿ, ವೈರಸ್ಸುಗಳನ್ನು ಒಟ್ಟಿಗೆ ನೇಯ್ದು ಜೈವಿಕ ಅಸ್ತ್ರದ ಗುಮಾನಿ ಸಂಸತ್ತಿನವರೆಗೂ ಹೋಯಿತು. 1990ರ ದಶಕದಲ್ಲಿ ಸೌದಿ ಅರೇಬಿಯದಲ್ಲಿ ಕಟುಕರಿಗೆ ಬಂದ ಅಲ್ಖುರ್ಮಾ ಎಂಬ ಜ್ವರದ ವೈರಸ್, ರಷ್ಯಾದ ಯಾವ ವೈರಸ್ಸಿಗಿಂತಲೂ ಕ್ಯಾಸನೂರಿನದಕ್ಕೆ ಹತ್ತಿರದ್ದೆಂದು ಕಂಡುಬಂತು. ಕುಟುಂಬ ನಾವೆಣಿಸಿದ್ದಕ್ಕಿಂತ ದೊಡ್ಡದು.

ನನಗೆ ಹೆಚ್ಚು ಒಪ್ಪಿಗೆಯಾಗುವ ವಿವರಣೆ ಕೊಲಂಬಿಯದ ವೈದ್ಯ ಹೊರ್ಹೆ ಬೊಶೆಲ್‌ನದು. ತನ್ನ ದೇಶದಲ್ಲಿ ಮರ ಕಡಿಯುವವರು ಉರುಳಿಸಿದ ಮರದೊಂದಿಗೆ ನೆತ್ತಿಯಿಂದ ಇಳಿದುಬಂದ ನೀಲಿ ಸೊಳ್ಳೆಗಳನ್ನು ಕಂಡು ಕಾಡಿನ ಹಳದಿ ಜ್ವರದ ಗುಟ್ಟು ಹಿಡಿದವನು ಆತ. ಸಾಗರಕ್ಕೆ ಬಂದು ವರ್ಷಗಟ್ಟಲೆ ನೋಡಿ 1969ರಲ್ಲಿ ಆತ ಬರೆದದ್ದರ ಸಾರ: ವೈರಸ್ ಕಾಡಿನಲ್ಲಿ ಮೊದಲಿನಿಂದಲೂ ಸಣ್ಣ ಪ್ರಾಣಿ, ಉಣುಗುಗಳ ನಡುವೆ ತೆಪ್ಪಗಿತ್ತು. ಕಾಡು ಕಡಿದು ಗದ್ದೆ ಮಾಡಿದೆವು, ಅಂಚಿನಲ್ಲಿ ಲಂಟಾನ ಬೆಳೆಯಿತು, ದನ ಒಳಗೆ ನುಗ್ಗಿದವು. ದನದ ರಕ್ತ ಸಿಕ್ಕ ಉಣುಗಿನ ಸಂಖ್ಯೆ ಏರಿತು, ಕತ್ತಲೆಯಲ್ಲಿದ್ದದ್ದು ಅಂಗಳಕ್ಕೆ ಬಂತು.

ಈಗ ಮಿದುಳಿನ ವಿಷಯ. ಕ್ಯಾಸನೂರಿನಲ್ಲಿ ಬಹುಪಾಲು ರೋಗಿಗಳು ಹತ್ತು ಹನ್ನೆರಡು ದಿನದಲ್ಲಿ ಜ್ವರ ಬಿಟ್ಟು ಎದ್ದರು. ಆದರೆ ಅವರಲ್ಲಿ ಕೆಲವರಿಗೆ ಒಂದೆರಡು ವಾರ ಚೆನ್ನಾಗಿದ್ದು ಮತ್ತೆ ಜ್ವರ ಬಂತು. ಈ ಸಲ ತಲೆ ಒಡೆಯುವ ನೋವಿನ ಜತೆ ಕುತ್ತಿಗೆ ಸೆಟೆದಿರುತ್ತಿತ್ತು, ಕೈ ನಡುಗುತ್ತಿತ್ತು, ತಲೆ ಸುತ್ತುತ್ತಿತ್ತು, ಕೆಲವರು ಸಂಬಂಧವಿಲ್ಲದ ಮಾತಾಡುತ್ತಿದ್ದರು. ಬ್ರಿಟನ್ನಿನಿಂದ ಬಂದಿದ್ದ ಎಚ್.ಇ. ವೆಬ್ ಮತ್ತು ಲಕ್ಷ್ಮಣ ರಾವ್ ಇಂಥ ರೋಗಿಗಳನ್ನು ಹಾಸಿಗೆ ಪಕ್ಕ ಕೂತು ನೋಡಿ 1961ರಲ್ಲಿ ವಿವರವಾಗಿ ಬರೆದರು. ಸುಮಾರು 10ರಿಂದ 20 ಶೇಕಡ ರೋಗಿಗಳಲ್ಲಿ ಈ ಎರಡನೆಯ ಸುತ್ತು ಬರುತ್ತದೆಂದು ಇಂದಿನ ಅಂದಾಜು. ಪ್ರಯೋಗಾಲಯ ಹೇಳಿದ್ದ ನೆಂಟಸ್ತಿಕೆ ರೋಗಿಯ ಮೈಯಲ್ಲೂ ಕಾಣಿಸಿತು.

ವೆಬ್ ಅಷ್ಟಕ್ಕೇ ನಿಲ್ಲಲಿಲ್ಲ. ಈ ಕುಟುಂಬದ ವೈರಸ್‌ಗಳು ಇಲಿಗಳಲ್ಲಿ ಕ್ಯಾನ್ಸರ್ ಗಡ್ಡೆಯ ಕೋಶಗಳನ್ನು ನಾಶಮಾಡುವುದು ಕಂಡಿತ್ತು. ಲಂಡನ್ನಿನ ಸೇಂಟ್ ಥಾಮಸ್ ಆಸ್ಪತ್ರೆಯಲ್ಲಿ ಅವರೂ ಸಹೋದ್ಯೋಗಿಗಳೂ ಬೇರೆ ಚಿಕಿತ್ಸೆ ಉಳಿಯದ ರಕ್ತಕ್ಯಾನ್ಸರ್ ಮತ್ತಿತರ ಕ್ಯಾನ್ಸರಿನ 28 ರೋಗಿಗಳಿಗೆ ಮಲಯಾದ ಲಂಗಟ್ ವೈರಸ್ಸನ್ನೂ ನಮ್ಮ ಕ್ಯಾಸನೂರಿನ ವೈರಸ್ಸನ್ನೂ ಕೊಟ್ಟರು. ವರದಿ ಬ್ರಿಟಿಷ್ ಮೆಡಿಕಲ್ ಜರ್ನಲ್‌ನಲ್ಲಿ 1966ರಲ್ಲಿ ಬಂತು. ಕೆಲವರಿಗೆ ಅಲ್ಪಕಾಲದ ಚೇತರಿಕೆ, ಕೆಲವರಿಗೆ ಮಿದುಳಿನ ಉರಿಯೂತ. ಆ ದಾರಿ ಅಲ್ಲಿಗೇ ನಿಂತಿತು. ಸೊರಬದ ಸೌದೆ ಹೊರುವವರನ್ನು ಕೊಂದ ವೈರಸ್ಸು ಲಂಡನ್ನಿನಲ್ಲಿ ಔಷಧಿಯಾಗಿ ಸಿರಿಂಜು ಸೇರಿತ್ತೆಂದರೆ ಇಂದು ಯಾರೂ ನಂಬಲಿಕ್ಕಿಲ್ಲ. ಇಂದಿನ ನೀತಿ ಸಮಿತಿಗಳು ಆ ಕಡತವನ್ನು ಓದುವುದಕ್ಕೂ ಹೆದರಿಯಾವು. ಆದರೂ ಯೋಚನೆ ಸಾಯಲಿಲ್ಲ. ಪಳಗಿಸಿದ ಹರ್ಪಿಸ್ ವೈರಸ್ಸೊಂದನ್ನು ಮಿದುಳಿನ ಮಾರಕ ಗಡ್ಡೆಗೆ ಚಿಕಿತ್ಸೆಯಾಗಿ ಜಪಾನ್ 2021ರಲ್ಲಿ ಒಪ್ಪಿಕೊಂಡಿತು.

ಲಸಿಕೆಯ ಕತೆ ಅಷ್ಟು ಹೆಮ್ಮೆಯದಲ್ಲ. ನೆಂಟನ ಲಸಿಕೆ ಇವನಿಗೂ ಆದೀತೆಂದು ರಷ್ಯಾದ ಮಿದುಳು ಜ್ವರದ ಲಸಿಕೆಯನ್ನು ಮಲೆನಾಡಿಗರಿಗೆ ಹಾಕಿ ನೋಡಿದರು, ರಕ್ಷಣೆ ಸಿಗಲಿಲ್ಲ. ನಂತರ ಕೋಳಿಭ್ರೂಣದ ಕೋಶಗಳಲ್ಲಿ ಬೆಳೆಸಿ, ಫಾರ್ಮಲಿನ್ನಿನಲ್ಲಿ ಸಾಯಿಸಿದ ಕ್ಯಾಸನೂರಿನ ವೈರಸ್ಸಿನದೇ ಲಸಿಕೆ ಬಂತು. ಬೆಂಗಳೂರಿನ ಹೆಬ್ಬಾಳದಲ್ಲಿ ತಯಾರಾಗುತ್ತಿತ್ತು. ಎರಡು ಡೋಸು, ಮೇಲೆ ಬೂಸ್ಟರುಗಳು, ಚುಚ್ಚಿದ ಕಡೆ ಹಿಂಡುವ ನೋವು. ಕೂಲಿ ಬಿಟ್ಟು ಪದೇ ಪದೇ ಬರುವವರು ಎಷ್ಟು ಮಂದಿ? ಪರಿಣಾಮ ಸಾಲದೆಂದು 2022ರಲ್ಲಿ ಅದನ್ನು ನಿಲ್ಲಿಸಲಾಯಿತು. ಹೊಸದೊಂದರ ತಯಾರಿ ನಡೆದಿದೆ. ಕಾಯಿಲೆ ಪತ್ತೆಯಾಗಿ ಅರವತ್ತು ವರ್ಷ ದಾಟಿದ ಮೇಲೂ ಅದಕ್ಕೆಂದೇ ಒಂದು ಔಷಧಿ ಇಲ್ಲ, ನೆಚ್ಚಬಹುದಾದ ಲಸಿಕೆ ಇಲ್ಲ. ಇದು ದೊಡ್ಡ ನಗರಗಳ ಕಾಯಿಲೆಯಾಗಿದ್ದರೆ ಹೀಗಿರುತ್ತಿತ್ತೇ ಎಂದು ಕೇಳುವ ಹಕ್ಕು ಮಲೆನಾಡಿಗಿದೆ.

ಇದು ಶಿವಮೊಗ್ಗದವರ ಪಾಡು ಎಂದು ನಮ್ಮ ಕಡೆಯವರು ಸುಮ್ಮನಿರುವಂತಿಲ್ಲ. ಶಿರಾಡಿ ಘಾಟಿ ಇಳಿದು ಗುಂಡ್ಯ ದಾಟಿ ಧರ್ಮಸ್ಥಳದ ಕಡೆ ಹೊರಳಿದರೆ ಸಿಗುವ ಬೆಳ್ತಂಗಡಿ ತಾಲ್ಲೂಕಿನ ನಿಡ್ಲೆ ಕಾಡಿನಲ್ಲಿ, ಗೇರು ನೆಡಲೆಂದು ಮರ ಕಡಿದ ಮೇಲೆ, 1982-83ರಲ್ಲಿ ಈ ಜ್ವರ ಸಿಡಿಯಿತು. 1000ಕ್ಕೂ ಹೆಚ್ಚು ಮಂದಿ ಬಿದ್ದರು, 100ಕ್ಕೂ ಹೆಚ್ಚು ಮಂದಿ ತೀರಿಕೊಂಡರು. ಪಕ್ಕದ ಚಿಕ್ಕಮಗಳೂರು ಜಿಲ್ಲೆಯ ಕೊಪ್ಪ, ನರಸಿಂಹರಾಜಪುರ ತಾಲ್ಲೂಕುಗಳ ತೋಟದ ಕಾರ್ಮಿಕರಲ್ಲಿ ಕಂಡಿದೆ. ದಕ್ಷಿಣಕ್ಕೆ ಬಂಡೀಪುರ, ವಯನಾಡು, ಉತ್ತರಕ್ಕೆ ಗೋವಾ, ಸಿಂಧುದುರ್ಗ. ಈ ಎರಡು ತುದಿಗಳ ನಡುವೆಯೇ ಬಿಸ್ಲೆ ಕಾಡೂ ಇದೆ, ಹೊಸಕೋಟೆಯೂ ಇದೆ.

ಆದ್ದರಿಂದ ತೋಟದಲ್ಲೋ ಕಾಡಂಚಿನಲ್ಲೋ ಸತ್ತ ಮಂಗ ಕಂಡರೆ ಮುಟ್ಟಬೇಡಿ. ಹತ್ತಿರದ ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೋ ಅರಣ್ಯ ಇಲಾಖೆಗೋ ಅಂದೇ ತಿಳಿಸಿ. ಬೇಸಿಗೆಯಲ್ಲಿ ಕಾಡು ಹೊಗುವಾಗ ಮೈ ತುಂಬ ಬಟ್ಟೆ ಹಾಕಿ, ಆರೋಗ್ಯ ಇಲಾಖೆ ಕೊಡುವ ಎಣ್ಣೆಯನ್ನು ಕೈಕಾಲಿಗೆ ಹಚ್ಚಿ, ಮರಳಿದ ಕೂಡಲೇ ಬಟ್ಟೆ ಬಿಸಿನೀರಿಗೆ ಹಾಕಿ ಸ್ನಾನ ಮಾಡಿ. ಜ್ವರ ಬಂದರೆ ಕಾಡಿಗೆ ಹೋಗಿದ್ದನ್ನು ವೈದ್ಯರಿಗೆ ಮೊದಲೇ ಹೇಳಿ. ರಕ್ತಸ್ರಾವದ ಅಪಾಯವಿರುವುದರಿಂದ ಆಸ್ಪಿರಿನ್ ನುಂಗಬೇಡಿ. ಜ್ವರ ಬಿಟ್ಟು ಒಂದೆರಡು ವಾರ ಕಳೆದ ಮೇಲೆ ಮತ್ತೆ ಜ್ವರ, ತಲೆನೋವು, ಕುತ್ತಿಗೆ ಬಿಗಿತ ಕಂಡರೆ ಅದನ್ನು ಬೇರೆ ಜ್ವರವೆಂದುಕೊಂಡು ಮನೆಯಲ್ಲಿ ಕೂರದೆ ಆ ದಿನವೇ ದೊಡ್ಡಾಸ್ಪತ್ರೆಗೆ ಹೋಗಿ.